ಜೀವಾಣುಗಳಲ್ಲಿ ಮಿತ್ರರನ್ನು ಹುಡುಕಿದ ಮೆಚ್ನಿಕಾಫ್

ರಾತ್ರಿ ಊಟವಾದ ಮೇಲೆ, ಕಾಸಿ ಆರಿಸಿದ ಹಾಲಿಗೆ ಒಂದು ಚಮಚ ಮೊಸರನ್ನು ಬಿಟ್ಟು ಮುಚ್ಚಿಡುವುದು ನಮ್ಮ ಮನೆಗಳಲ್ಲಿ ನಿತ್ಯವೂ ನಡೆಯುವ ಕೆಲಸ. ಬೆಳಗಾಗುವಷ್ಟರಲ್ಲಿ ಹಾಲು ಗಟ್ಟಿಯಾಗಿ ಹೆಪ್ಪುಗಟ್ಟಿರುತ್ತದೆ. ರಾತ್ರಿಯೆಲ್ಲಾ ಎಚ್ಚರವಿದ್ದು ಈ ಕೆಲಸವನ್ನು ಮಾಡಿದವರು ಯಾರೆಂದು ಯಾರೂ ಕೇಳುವುದಿಲ್ಲ. ಮನೆಯಲ್ಲಿ ಹೆಪ್ಪು ಮುಗಿದಾಗ ಪಕ್ಕದ ಮನೆಗೆ ಬಟ್ಟಲು ಹಿಡಿದು ಹೋಗುತ್ತೇವಷ್ಟೆ. ಆಗ ನಾವು ಬೇಡಿ ತರುವುದು ಕೋಟ್ಯಂತರ ಸಜೀವ ಬ್ಯಾಕ್ಟೀರಿಯಗಳನ್ನು. ಹೀಗೆಂದು ತಿಳಿಸಿದರೂ ಮೊಸರನ್ನವನ್ನು ದೂರ ತಳ್ಳುವವರು ನಮ್ಮಲ್ಲಿ ಇಲ್ಲ. ಆದರೆ ಅದೇ ಬ್ಯಾಕ್ಟೀರಿಯ ಎಂಬ ಮಾತನ್ನು ಬೇರೆ ಸಂದರ್ಭದಲ್ಲಿ ಕೇಳಿದೊಡನೆ ನಮ್ಮ ಮುಖ ಸಿಂಡರಿಸುತ್ತದೆ. ರೋಗ, ಆಸ್ಪತ್ರೆ, ಮರಣ ಇವೇ ನೆನಪಿಗೆ ಬರುತ್ತವೆ.

ಈ ಭಯಕ್ಕೆ ಕಾರಣವಿಲ್ಲದೆ ಇಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ಕಾಲು ಭಾಗದಲ್ಲಿ ಯೂರೋಪಿನ ವಿಜ್ಞಾನಿಗಳು ರೋಗಕಾರಕ ಜೀವಾಣುಗಳನ್ನು ಒಂದೊಂದಾಗಿ ಹಿಡಿದು ತೋರಿಸಿದರು. ಜರ್ಮನಿಯ ರಾಬರ್ಟ್ ಕಾಕನು 1876ರಲ್ಲಿ ನೆರಡಿ ರೋಗದ ಜೀವಾಣುವಿನ ಜೀವನಕ್ರಮವನ್ನು ಬಿಡಿಸಿಟ್ಟನು. 1882ರಲ್ಲಿ ಕ್ಷಯದ ಜೀವಾಣುವನ್ನು ಕಂಡುಹಿಡಿದನು. ಫ್ರಾನ್ಸಿನಲ್ಲಿ ಲೂಯಿ ಪಾಸ್ತರನು ಕುರಿಗಳಿಗೆ ನೆರಡಿಯ ಲಸಿಕೆಯನ್ನೂ ಮನುಷ್ಯರಿಗೆ ಹುಚ್ಚುನಾಯಿ ಕಡಿತದ ಲಸಿಕೆಯನ್ನೂ ಕೊಟ್ಟು ಜಗದ್ವಿಖ್ಯಾತನಾದನು. ಜೀವಾಣುವೆಂದರೆ ಶತ್ರು, ಅದನ್ನು ಕೊಲ್ಲುವುದೇ ವೈದ್ಯ ಎಂಬ ಭಾವನೆ ಜನರ ಮನಸ್ಸಿನಲ್ಲಿ ಬೇರೂರಿತು. ಅದೇ ಪಾಸ್ತರನ ಸಂಸ್ಥೆಯ ಒಂದು ಕೋಣೆಯಲ್ಲಿ ಕುಳಿತು, ಈ ಜೀವಾಣುಗಳಲ್ಲಿ ನಮ್ಮ ಕಡೆಯವರೂ ಇರಬಹುದೇ ಎಂದು ಹುಡುಕಿದವನೊಬ್ಬನಿದ್ದನು. ಅವನೇ ಎಲಿ ಮೆಚ್ನಿಕಾಫ್. ಅವನು ಹೇಳಿದ್ದರಲ್ಲಿ ಒಂದು ಪಾಲು ತಪ್ಪೆಂದು ಕಾಲವು ತೋರಿಸಿದೆ. ಆದರೂ ಅವನ ಕಥೆ ಓದತಕ್ಕದ್ದು.

ಮೆಚ್ನಿಕಾಫನು 1845ನೆಯ ಇಸವಿ ಮೇ ತಿಂಗಳಲ್ಲಿ, ಆಗ ರಷ್ಯದ ಸಾಮ್ರಾಜ್ಯಕ್ಕೆ ಸೇರಿದ್ದು ಈಗ ಯುಕ್ರೇನಿನಲ್ಲಿರುವ ಖಾರ್ಕಾಫ್ ಪಟ್ಟಣದ ಹತ್ತಿರದ ಹಳ್ಳಿಯೊಂದರಲ್ಲಿ ಹುಟ್ಟಿದನು. ತಂದೆ ಚಕ್ರವರ್ತಿಯ ಅಂಗರಕ್ಷಕ ದಳದಲ್ಲಿ ಅಧಿಕಾರಿ. ಇಸ್ಪೀಟಾಟದಲ್ಲಿ ಬಹಳ ಹಣ ಕಳೆದುಕೊಂಡು, ರಾಜಧಾನಿಯ ಜೀವನ ಸಾಗದೆ, ಹಳ್ಳಿಯ ಜಮೀನಿಗೆ ಸಂಸಾರವನ್ನು ಸಾಗಿಸಿದವನು. ತಾಯಿ ಎಮಿಲಿಯ ಯಹೂದಿ ಮನೆತನದ ಮೂಲದವಳು, ಬುದ್ಧಿವಂತೆ. ಐವರು ಮಕ್ಕಳಲ್ಲಿ ಎಲಿಯೇ ಕಡೆಯವನು. ಅಣ್ಣಂದಿರಲ್ಲಿ ಲೆವ್ ಎಂಬಾತನು ಭೂಗೋಳ ಶಾಸ್ತ್ರದಲ್ಲಿ ಹೆಸರು ಪಡೆದನು. ಇನ್ನೊಬ್ಬ ಅಣ್ಣ ಇವಾನನು ನ್ಯಾಯಾಧಿಕಾರಿಯಾಗಿದ್ದು 1881ರಲ್ಲಿ ತೀರಿಕೊಂಡನು. ಅವನ ಸಾವಿನ ಸುದ್ದಿಯೇ ಟಾಲ್‌ಸ್ಟಾಯಿಗೆ ಇವಾನ್ ಇಲ್ಯಿಚನ ಸಾವಿನ ಕಥೆಯನ್ನು ಬರೆಯಲು ಪ್ರೇರಣೆಯಾಯಿತು. ಸಾಹಿತ್ಯದ ವಿದ್ಯಾರ್ಥಿಗಳು ಓದಿ ಮರುಗುವ ಆ ಇವಾನ್ ಇಲ್ಯಿಚನು ನಮ್ಮ ವಿಜ್ಞಾನಿಯ ಒಡಹುಟ್ಟಿದವನ ನೆರಳೆಂಬುದು ಎಷ್ಟು ಜನಕ್ಕೆ ಗೊತ್ತು!

ಬಾಲಕನಿಗೆ ಗಿಡಗಳ ಹುಚ್ಚು. ಎಂಟು ವರ್ಷದವನಾಗಿದ್ದಾಗಲೇ ಹಳ್ಳಿಯ ಹುಡುಗರನ್ನು ಕೂಡಿಸಿಕೊಂಡು ಸಸ್ಯಗಳ ವಿಷಯವಾಗಿ ಉಪನ್ಯಾಸ ಮಾಡುತ್ತಿದ್ದನಂತೆ. ಕೇಳುವವರು ಎದ್ದು ಹೋಗದಿರಲೆಂದು ತನ್ನ ಕೈಖರ್ಚಿನ ಕಾಸನ್ನು ಅವರಿಗೆ ಹಂಚುತ್ತಿದ್ದನಂತೆ. ಖಾರ್ಕಾಫ್ ವಿಶ್ವವಿದ್ಯಾನಿಲಯದಲ್ಲಿ ನಾಲ್ಕು ವರ್ಷದ ವ್ಯಾಸಂಗವನ್ನು ಎರಡೇ ವರ್ಷದಲ್ಲಿ ಮುಗಿಸಿ, ಹತ್ತೊಂಬತ್ತನೆಯ ವಯಸ್ಸಿಗೆ ಪದವಿ ಪಡೆದು ಜರ್ಮನಿಗೆ ಹೊರಟನು. ಅಲ್ಲಿ ಗೀಸನ್ ನಗರದಲ್ಲಿ 1865ರಲ್ಲಿ ಚಪ್ಪಟೆ ಹುಳುವೊಂದನ್ನು ಪರೀಕ್ಷಿಸುತ್ತಿದ್ದಾಗ, ಅದರ ದೇಹದ ಜೀವಕಣಗಳೇ ಆಹಾರದ ತುಣುಕುಗಳನ್ನು ನುಂಗಿ ಒಳಗೇ ಜೀರ್ಣಿಸಿಕೊಳ್ಳುವುದನ್ನು ಕಂಡನು. ಅದರ ಬೆಲೆ ಆಗ ಅವನಿಗೂ ತಿಳಿದಿರಲಿಲ್ಲ; ಹದಿನೇಳು ವರ್ಷ ಆ ನೋಟವು ಅವನ ಮನಸ್ಸಿನ ಮೂಲೆಯಲ್ಲಿ ಬಿದ್ದಿದ್ದಿತು.

ಸಣ್ಣ ವಯಸ್ಸಿನಲ್ಲೇ ಅಧ್ಯಾಪಕ ಪದವಿ ದೊರೆಯಿತು. ಮೊದಲು ಒಡೆಸ್ಸ, ಅನಂತರ ಸೇಂಟ್ ಪೀಟರ್ಸ್‌ಬರ್ಗ್, 1870ರಿಂದ ಮತ್ತೆ ಒಡೆಸ್ಸದಲ್ಲಿ ಪ್ರಾಧ್ಯಾಪಕತ್ವ. ಸಂಸಾರದ ಕಡೆ ಮಾತ್ರ ವಿಧಿಯು ಕಠಿಣವಾಗಿದ್ದಿತು. 1869ರಲ್ಲಿ ಅವನು ಲೂದ್ಮಿಲಳನ್ನು ಮದುವೆಯಾದಾಗ ಆಕೆ ಕ್ಷಯದಿಂದ ಎಷ್ಟು ಸೊರಗಿದ್ದಳೆಂದರೆ, ಕುರ್ಚಿಯಲ್ಲಿ ಕೂಡಿಸಿ ಇಗರ್ಜಿಗೆ ಹೊತ್ತು ತರಬೇಕಾಯಿತು. ಬಿಸಿಲಿನ ನಾಡುಗಳಲ್ಲಿ ವಾಸ ಮಾಡಿಸಿದನು; ಔಷಧಕ್ಕೂ ಪ್ರಯಾಣಕ್ಕೂ ಹಣ ಹೊಂದಿಸಲು ಕಣ್ಣು ಕೆಡುವಷ್ಟು ದುಡಿದನು. 1873ರ ಏಪ್ರಿಲಿನಲ್ಲಿ ಮದೀರ ದ್ವೀಪದಲ್ಲಿ ಆಕೆ ತೀರಿಕೊಂಡಳು. ಇಪ್ಪತ್ತೇಳು ವರ್ಷದ ಗಂಡನಿಗೆ ಬದುಕು ಬೇಡವಾಯಿತು. ಪ್ರಾಣ ಕಳೆದುಕೊಳ್ಳುವ ಪ್ರಯತ್ನವನ್ನೂ ಮಾಡಿದನು. ಆದರೆ ನುಂಗಿದ್ದು ವಾಂತಿಯಾಗಿ ಉಳಿದುಕೊಂಡನು. ಆ ದಿನಗಳಲ್ಲೊಮ್ಮೆ ಜಿನೀವ ನಗರದ ಸೇತುವೆಯ ಮೇಲೆ ದೀಪವೊಂದರ ಸುತ್ತ ಮುತ್ತಿದ ಕೀಟಗಳ ಮೋಡವನ್ನು ಕಂಡು, ಕೆಲವೇ ಗಂಟೆಗಳ ಕಾಲ ಬದುಕುವ ಈ ಪ್ರಾಣಿಗಳಲ್ಲಿ ನೈಸರ್ಗಿಕ ಆಯ್ಕೆಯು ಹೇಗೆ ಕೆಲಸ ಮಾಡಬಲ್ಲದೆಂಬ ಪ್ರಶ್ನೆ ಅವನಿಗೆ ಹೊಳೆಯಿತಂತೆ. ಪ್ರಶ್ನೆ ಹುಟ್ಟಿದೊಡನೆ ಮನಸ್ಸು ಕೆಲಸದ ಕಡೆ ತಿರುಗಿತು.

ಎರಡು ವರ್ಷಗಳ ತರುವಾಯ ಒಡೆಸ್ಸದಲ್ಲಿ ಅವನ ಮನೆಯ ಮೇಲಂತಸ್ತಿನಲ್ಲಿ ಗದ್ದಲ ಮಾಡುವ ಮಕ್ಕಳಿದ್ದ ಕುಟುಂಬವೊಂದಿತ್ತು. ಗದ್ದಲದ ಮೇಲೆ ದೂರು ಹೇಳಹೋದ ಪ್ರಾಧ್ಯಾಪಕನು ಆ ಮನೆಯ ಹುಡುಗಿ ಒಲ್ಗಳಿಗೆ ಪ್ರಾಣಿಶಾಸ್ತ್ರ ಪಾಠ ಹೇಳತೊಡಗಿ, 1875ರಲ್ಲಿ ಅವಳನ್ನೇ ಮದುವೆಯಾದನು. ಈ ಒಲ್ಗಳನ್ನು ವಾಚಕರು ನೆನಪಿಟ್ಟುಕೊಳ್ಳಬೇಕು. ಮುಂದೆ ಅವಳ ಪ್ರಯೋಗವೊಂದು ನಮ್ಮ ಕಥೆಗೆ ಬೇಕಾಗುತ್ತದೆ.

ಒಡೆಸ್ಸದ ಈ ಕಾಲದಲ್ಲಿ ಅವನು ಮಾಡಿದ ಒಂದು ಕೆಲಸವನ್ನು ಅವನ ಚರಿತ್ರೆ ಬರೆದವರಲ್ಲಿ ಅನೇಕರು ಒಂದೆರಡು ಸಾಲಿನಲ್ಲಿ ದಾಟಿಸಿಬಿಡುತ್ತಾರೆ. ನನಗೆ ಅದು ದೊಡ್ಡದಾಗಿ ತೋರುತ್ತದೆ. ದಕ್ಷಿಣ ರಷ್ಯದ ಗೋಧಿಯ ಹೊಲಗಳಿಗೆ ಒಂದು ಜಾತಿಯ ಜೀರುಂಡೆಯ ಪೀಡೆ ವಿಪರೀತವಾಗಿದ್ದಿತು. ಮೆಚ್ನಿಕಾಫನು ರೋಗ ಹಿಡಿದು ಸತ್ತ ಹುಳುಗಳನ್ನು ಆಯ್ದು ತಂದು ನೋಡಿದಾಗ, ಅವುಗಳ ಮೈಮೇಲೆ ಹಸಿರು ಬಣ್ಣದ ಬೂಷ್ಟು ಬೆಳೆದಿದ್ದಿತು. 1879ರಲ್ಲಿ ಅವನು ಈ ಶಿಲೀಂಧ್ರವನ್ನು ವರ್ಣಿಸಿ, ಇದನ್ನು ಬೇಕೆಂದೇ ಬೆಳೆಸಿ ಹೊಲದಲ್ಲಿ ಚೆಲ್ಲಿದರೆ ಕೀಟಗಳಿಗೆ ಸೋಂಕು ತಗುಲಿ ಪೈರು ಉಳಿಯುವುದೆಂದು ಸೂಚಿಸಿದನು. ಒಂದು ಜೀವಾಣುವನ್ನು ಮನುಷ್ಯನ ಪರವಾಗಿ ಕೂಲಿಗೆ ಹಚ್ಚುವ ಯೋಚನೆ ಅವನ ತಲೆಯಲ್ಲಿ ಮೊಸರಿಗಿಂತ ಎಷ್ಟೋ ಮೊದಲು ಹುಟ್ಟಿದ್ದು ಹೀಗೆ. ಈಗ ಮೆಟಾರೈಜಿಯಂ ಎಂದು ಕರೆಯುವ ಆ ಶಿಲೀಂಧ್ರವನ್ನು ನಮ್ಮ ಅಡಕೆಯ ತೋಟಗಳಲ್ಲಿ ಬೇರುಹುಳುವಿನ ಕಾಟಕ್ಕೆ, ಕಬ್ಬಿನ ಗದ್ದೆಗಳಲ್ಲಿ ಗೊಣ್ಣೆಹುಳುವಿನ ಕಾಟಕ್ಕೆ, ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ ಮಣ್ಣಿಗೆ ಹಾಕುತ್ತಾರೆ. ಪೊಟ್ಟಣದ ಮೇಲೆ ಮೆಚ್ನಿಕಾಫನ ಹೆಸರಿರುವುದಿಲ್ಲ.

1880ರಲ್ಲಿ ಒಲ್ಗಳಿಗೆ ವಿಷಮಶೀತ ಜ್ವರ ಬಂದು ಸಾವಿನ ಅಂಚಿಗೆ ಹೋದಳು. ವಿಶ್ವವಿದ್ಯಾನಿಲಯದಲ್ಲಿ ರಾಜಕೀಯ ಕಲಹ. ಹೃದಯದ ನೋವು, ನಿದ್ರಾಹೀನತೆ. ಎಲ್ಲವೂ ಸೇರಿ ಮೆಚ್ನಿಕಾಫನ ಮನಸ್ಸು ಮತ್ತೆ ಕತ್ತಲಾಯಿತು. ಈ ಬಾರಿ ಅವನು ಮರುಕಳಿಸುವ ಜ್ವರದ ರೋಗಿಯ ರಕ್ತವನ್ನು ತನಗೇ ಚುಚ್ಚಿಕೊಂಡನು. ಸತ್ತರೂ ಆ ರೋಗವು ರಕ್ತದಿಂದ ಹರಡುವುದೋ ಇಲ್ಲವೋ ತಿಳಿದಂತಾಗುವುದೆಂಬುದು ಅವನ ಎಣಿಕೆ. ರೋಗವೇನೋ ತಗುಲಿತು; ಬಹಳ ಕಾಲ ನರಳಿದನು. ಆಶ್ಚರ್ಯವೆಂದರೆ, ಅದರಿಂದ ಎದ್ದ ಮೇಲೆ ಅವನಲ್ಲಿ ಹಿಂದೆಂದೂ ಇಲ್ಲದ ಜೀವನೋತ್ಸಾಹ ತುಂಬಿಕೊಂಡಿತು. ಮುಂದೆ ಮುಪ್ಪನ್ನೂ ಮರಣವನ್ನೂ ಕುರಿತು ಅವನು ಬರೆದ ಗ್ರಂಥಗಳನ್ನು ಎತ್ತಿಕೊಂಡಾಗ, ಇವು ಎರಡು ಸಲ ಸಾಯಹೊರಟವನು ಬರೆದ ಗ್ರಂಥಗಳೆಂಬುದನ್ನು ಮರೆಯಲಾಗದು.

1881ರಲ್ಲಿ ಚಕ್ರವರ್ತಿ ಎರಡನೆಯ ಅಲೆಕ್ಸಾಂಡರನ ಕೊಲೆಯಾದ ಮೇಲೆ ವಿಶ್ವವಿದ್ಯಾನಿಲಯಗಳ ಮೇಲೆ ಸರಕಾರದ ಬಿಗಿ ಹೆಚ್ಚಿತು. ಮರುವರ್ಷ ಅವನು ರಾಜೀನಾಮೆ ಕೊಟ್ಟು, ಹೆಂಡತಿಯನ್ನೂ ಅವಳ ತಮ್ಮತಂಗಿಯರನ್ನೂ ಕರೆದುಕೊಂಡು ಇಟಲಿಯ ಸಿಸಿಲಿ ದ್ವೀಪದ ಮೆಸ್ಸಿನ ಪಟ್ಟಣಕ್ಕೆ ಹೋದನು. ಅಲ್ಲಿ ಕಡಲ ದಂಡೆಯ ಮನೆ. ಕೂಡುವ ಕೋಣೆಯೇ ಪ್ರಯೋಗಶಾಲೆ. 1882ರ ಡಿಸೆಂಬರಿನಲ್ಲಿ ಒಂದು ದಿನ ಮನೆಯವರೆಲ್ಲ ಕೋತಿಗಳ ಆಟ ನೋಡಲು ಸರ್ಕಸ್ಸಿಗೆ ಹೋಗಿದ್ದರು. ಒಬ್ಬನೇ ಕುಳಿತು ನಕ್ಷತ್ರಮೀನಿನ ಮರಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದನು. ಆ ಮರಿ ಗಾಜಿನಂತೆ ಪಾರದರ್ಶಕ. ಅದರ ಒಳಗೆ ಅಲೆದಾಡುವ ಜೀವಕಣಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಗೀಸನ್ನಿನಲ್ಲಿ ಕಂಡ ಹುಳುವಿನ ಕಣಗಳು ಆಹಾರವನ್ನು ನುಂಗಿದಂತೆ, ಈ ಅಲೆಮಾರಿ ಕಣಗಳು ಹೊರಗಿನಿಂದ ಬಂದ ಶತ್ರುವನ್ನು ನುಂಗಿ ದೇಹವನ್ನು ಕಾಯುತ್ತಿರಬಹುದೇ? ಹಾಗಿದ್ದ ಪಕ್ಷದಲ್ಲಿ, ಮರಿಯ ಮೈಗೆ ಮುಳ್ಳು ಚುಚ್ಚಿದರೆ ಅವು ಅದರ ಸುತ್ತ ಬಂದು ಮುತ್ತಬೇಕು. ಮನೆಯ ಹಿಂದಿನ ತೋಟಕ್ಕೆ ಓಡಿ, ಗುಲಾಬಿಯ ಮುಳ್ಳುಗಳನ್ನು ತಂದು ಮರಿಗಳ ಮೈಯಲ್ಲಿ ಚುಚ್ಚಿಟ್ಟನು. ರಾತ್ರಿ ನಿದ್ರೆ ಹತ್ತಲಿಲ್ಲ. ಬೆಳಗಿನ ಜಾವದಲ್ಲೇ ಎದ್ದು ನೋಡಿದರೆ, ಮುಳ್ಳಿನ ಸುತ್ತ ಕಣಗಳ ದಂಡು ನೆರೆದಿದ್ದಿತು!

ಈ ಕಥೆಯನ್ನು ಅವನೇ ಇಪ್ಪತ್ತೈದು ವರ್ಷಕ್ಕೂ ಮಿಗಿಲಾದ ಮೇಲೆ, 1908ರ ಭೂಕಂಪದಲ್ಲಿ ಮೆಸ್ಸಿನ ನಾಶವಾದ ದುಃಖದ ಸಮಯದಲ್ಲಿ ನೆನೆದು ಬರೆದನು. ಅಷ್ಟು ಕಾಲ ಕಳೆದ ನೆನಪುಗಳು ತಾವಾಗಿಯೇ ಅಚ್ಚುಕಟ್ಟಾಗಿ ಜೋಡಣೆಗೊಳ್ಳುವುದುಂಟು. ಒಂದೇ ರಾತ್ರಿಯಲ್ಲಿ ಪ್ರಾಣಿಶಾಸ್ತ್ರಜ್ಞನು ರೋಗಶಾಸ್ತ್ರಜ್ಞನಾದನೆಂಬುದನ್ನು ಸ್ವಲ್ಪ ರಿಯಾಯಿತಿಯಿಂದ ಓದಿಕೊಳ್ಳುವುದು ಲೇಸು. ಆದರೆ ಮುಳ್ಳು ಸುಳ್ಳಲ್ಲ, ಕಣಗಳೂ ಸುಳ್ಳಲ್ಲ. ವಿಯೆನ್ನದ ವಿದ್ವಾಂಸರ ಸಲಹೆಯಂತೆ ಗ್ರೀಕ್ ಭಾಷೆಯಿಂದ ಹೆಸರು ಸಿಕ್ಕಿತು: ಫ್ಯಾಗೊಸೈಟ್, ಅಂದರೆ ಭಕ್ಷಕ ಕಣ. ಮುಂದೆ ಡಾಫ್ನಿಯ ಎಂಬ ನೀರಿನ ಚಿಗಟದಲ್ಲಿ, ಒಳಹೊಕ್ಕ ಯೀಸ್ಟಿನ ಬೀಜಕಗಳಿಗೂ ರಕ್ತದ ಕಣಗಳಿಗೂ ನಡೆಯುವ ಹೋರಾಟವನ್ನು ಕಣ್ಣಾರೆ ಕಂಡು 1884ರಲ್ಲಿ ಪ್ರಕಟಿಸಿದನು. ಕಣಗಳು ಗೆದ್ದರೆ ಚಿಗಟ ಬದುಕುವುದು, ಸೋತರೆ ಸಾಯುವುದು. ಆವರೆಗೆ ಬಿಳಿಯ ರಕ್ತಕಣಗಳು ಜೀವಾಣುಗಳನ್ನು ಹೊತ್ತು ದೇಹದಲ್ಲೆಲ್ಲ ಹರಡುತ್ತವೆಂದು ರೋಗಶಾಸ್ತ್ರಜ್ಞರಲ್ಲಿ ಬಹುಮಂದಿ ನಂಬಿದ್ದರು. ಕಳ್ಳನ ಗಾಡಿಯೆಂದುಕೊಂಡದ್ದು ಕಾವಲುಗಾರನಾಗಿ ಹೊರಬಿದ್ದಿತು.

1886ರಲ್ಲಿ ಒಡೆಸ್ಸದಲ್ಲಿ ಹುಚ್ಚುನಾಯಿ ಕಡಿತಕ್ಕೆ ಪಾಸ್ತರನ ಚಿಕಿತ್ಸೆ ಕೊಡಲು ಸ್ಥಾಪಿಸಿದ ಕೇಂದ್ರಕ್ಕೆ ಅವನನ್ನು ನಿರ್ದೇಶಕನನ್ನಾಗಿ ಕರೆದರು. ಅವನು ವೈದ್ಯನಲ್ಲವೆಂದು ವೈದ್ಯರು ಹಂಗಿಸಿದರು; ಅವನ ಸಹಾಯಕರು ಕೊಟ್ಟ ನೆರಡಿಯ ಲಸಿಕೆಯಿಂದ ಸಾವಿರಾರು ಕುರಿಗಳು ಸತ್ತುಹೋದವು. ಇಂಥ ಜಂಜಾಟದಲ್ಲಿ ಸಂಶೋಧನೆ ಆಗದೆಂದು ತಿಳಿದು ಹೊರ ದೇಶಗಳಲ್ಲಿ ಆಶ್ರಯ ಹುಡುಕಿದನು. ಬರ್ಲಿನ್ನಿನಲ್ಲಿ ಕಾಕನು ಅವನನ್ನು ಸಪ್ಪೆಯಾಗಿ ಕಂಡನು. ಪಾಸ್ತರನೋ ವಿಶ್ವಾಸದಿಂದ ಬರಮಾಡಿಕೊಂಡು, ತನ್ನ ಹೊಸ ಸಂಸ್ಥೆಯಲ್ಲಿ ಒಂದು ಪ್ರಯೋಗಶಾಲೆಯನ್ನೇ ಕೊಟ್ಟನು. 1888ರಲ್ಲಿ ಪ್ಯಾರಿಸ್ಸಿಗೆ ಬಂದ ಮೆಚ್ನಿಕಾಫನು ಮುಂದಿನ ಇಪ್ಪತ್ತೆಂಟು ವರ್ಷವೂ, ಎಂದರೆ ಸಾಯುವ ತನಕವೂ, ಆ ಸಂಸ್ಥೆಯನ್ನು ಬಿಡಲಿಲ್ಲ.

ಭಕ್ಷಕ ಕಣಗಳ ವಿಷಯವಾಗಿ ಜರ್ಮನರೊಡನೆ ನಡೆದ ಜಗಳವನ್ನು ವಿಸ್ತರಿಸಿ ಹೇಳುವುದಕ್ಕೆ ಇಲ್ಲಿ ಸ್ಥಳವಿಲ್ಲ. ದೇಹವನ್ನು ಕಾಯುವುದು ಕಣಗಳಲ್ಲ, ರಕ್ತದ ದ್ರವದಲ್ಲಿರುವ ಪದಾರ್ಥಗಳು ಎಂಬುದು ಅವರ ಪಕ್ಷ. ಇಪ್ಪತ್ತು ವರ್ಷ ಕೆಸರೆರಚಾಟವಾಯಿತು. ಕೊನೆಗೆ ಎರಡೂ ಸರಿಯೆಂದು ತೀರ್ಮಾನವಾಯಿತು; 1908ರ ನೊಬೆಲ್ ಬಹುಮಾನವನ್ನು ಮೆಚ್ನಿಕಾಫನಿಗೂ ಎದುರು ಪಕ್ಷದ ಪಾಲ್ ಎರ್ಲಿಕ್ಕನಿಗೂ ಹಂಚಿ ಕೊಟ್ಟರು.

ನಮ್ಮ ವಿಷಯಕ್ಕೆ ಮುಖ್ಯವಾದದ್ದು 1892ರಲ್ಲಿ ನಡೆಯಿತು. ಫ್ರಾನ್ಸಿನಲ್ಲಿ ಆಗ ಕಾಲರಾ ಹಬ್ಬಿದ್ದಿತು. ಅದರ ಜೀವಾಣುವೇ ರೋಗಕ್ಕೆ ಕಾರಣವಾದರೆ, ಒಂದೇ ಬಾವಿಯ ನೀರು ಕುಡಿದವರಲ್ಲಿ ಒಬ್ಬ ಸತ್ತು ಇನ್ನೊಬ್ಬ ಏಕೆ ಉಳಿಯುತ್ತಾನೆ? ಮೆಚ್ನಿಕಾಫನು ಕಾಲರಾ ಜೀವಾಣುಗಳನ್ನು ಬೆಳೆಸಿದ ದ್ರವವನ್ನು ತಾನೇ ಕುಡಿದನು. ಏನೂ ಆಗಲಿಲ್ಲ. ತಾವೂ ಕುಡಿಯುತ್ತೇವೆಂದು ಮುಂದೆ ಬಂದವರಿಗೂ ಕೊಟ್ಟನು. ಅವರಲ್ಲೊಬ್ಬನು ಸಾವಿನ ಬಾಯಿಗೆ ಹೋಗಿ ಹಿಂತಿರುಗಿದನು. ತನ್ನ ಪ್ರಾಣದ ಮೇಲೆ ಆಡಿದಂತೆ ಪರರ ಪ್ರಾಣದ ಮೇಲೆ ಆಡುವುದಕ್ಕೆ ಅವನಿಗೆ ಯಾವ ಅಧಿಕಾರವಿದ್ದಿತು? ಅವನನ್ನು ಎಷ್ಟೇ ಮೆಚ್ಚಿದರೂ ಇದನ್ನು ಒಪ್ಪಲಾಗುವುದಿಲ್ಲ. ಆದರೆ ಈ ಅಪಾಯದ ಆಟದಿಂದ ಒಂದು ಹೊಸ ಯೋಚನೆ ಹೊರಟಿತು. ಪ್ರಯೋಗಶಾಲೆಯ ತಟ್ಟೆಗಳಲ್ಲಿ ಕಾಲರಾ ಜೀವಾಣುವನ್ನು ಬೇರೆ ಬೇರೆ ಜೀವಾಣುಗಳ ಜೊತೆಗೆ ಬೆಳೆಸಿ ನೋಡಿದಾಗ, ಕೆಲವು ಅದರ ಬೆಳವಣಿಗೆಗೆ ನೆರವಾದವು, ಕೆಲವು ಅಡ್ಡ ನಿಂತವು. ಹಾಗಾದರೆ ಮನುಷ್ಯನ ಹೊಟ್ಟೆಯೊಳಗೂ ಮೊದಲೇ ನೆಲೆಸಿರುವ ಜೀವಾಣುಗಳೇ ಹೊಸದಾಗಿ ಬಂದ ರೋಗಾಣುವಿಗೆ ಜಾಗ ಕೊಡುವುದನ್ನೋ ಬಿಡುವುದನ್ನೋ ನಿರ್ಧರಿಸುತ್ತಿರಬಹುದು. ಕರುಳೆಂಬುದು ಬರಿಯ ಕೊಳವೆಯಲ್ಲ. ಕಳೆಯೂ ಪೈರೂ ಕೂಡಿ ಬೆಳೆಯುವ ಹೊಲ. ಹೊಲವಾದ ಮೇಲೆ ಬೇಸಾಯ ಮಾಡಬಹುದಲ್ಲವೇ?

ಈ ಬೇಸಾಯದ ಯೋಚನೆ ಅವನ ಮುಪ್ಪಿನ ಯೋಚನೆಯೊಡನೆ ಬೆರೆಯಿತು. 1903ರಲ್ಲಿ ಅವನು ಪ್ರಕಟಿಸಿದ ಮಾನವ ಸ್ವಭಾವವನ್ನು ಕುರಿತ ಗ್ರಂಥದಲ್ಲಿ ಮುಪ್ಪನ್ನು ಅಧ್ಯಯನ ಮಾಡುವ ಶಾಸ್ತ್ರಕ್ಕೆ ಜೆರೊಂಟಾಲಜಿ ಎಂಬ ಹೆಸರನ್ನೂ ಇಟ್ಟನು. ಅವನ ವಾದದ ಸರಣಿ ಹೀಗೆ: ದೊಡ್ಡ ಕರುಳಿನಲ್ಲಿ ಕೊಳೆಸುವ ಬ್ಯಾಕ್ಟೀರಿಯಗಳು ಮನೆ ಮಾಡಿಕೊಂಡಿವೆ, ಅವು ಮಾಂಸ ಮೊದಲಾದವುಗಳ ಉಳಿಕೆಯನ್ನು ಕೊಳೆಸಿ ವಿಷಪದಾರ್ಥಗಳನ್ನು ಹುಟ್ಟಿಸುತ್ತವೆ, ಆ ವಿಷವು ರಕ್ತಕ್ಕೆ ಸೇರಿ ರಕ್ತನಾಳಗಳನ್ನು ಗಡಸು ಮಾಡುತ್ತದೆ, ಮನುಷ್ಯನು ಅಕಾಲದಲ್ಲಿ ಮುದುಕನಾಗುತ್ತಾನೆ. ಇನ್ನು ಪರಿಹಾರ. ಹಾಲನ್ನು ಹಾಗೇ ಇಟ್ಟರೆ ಹುಳಿಯಾಗುವುದೇ ಹೊರತು ಮಾಂಸದಂತೆ ಕೊಳೆತು ನಾರುವುದಿಲ್ಲ. ಕಾರಣ, ಲ್ಯಾಕ್ಟಿಕ್ ಬ್ಯಾಕ್ಟೀರಿಯಗಳು ಹಾಲಿನ ಸಕ್ಕರೆಯನ್ನು ಆಮ್ಲವಾಗಿ ಮಾರ್ಪಡಿಸುತ್ತವೆ, ಆ ಆಮ್ಲದಲ್ಲಿ ಕೊಳೆಸುವ ಜಾತಿಗಳು ಬಾಳಲಾರವು. ಅವನ್ನು ಕರುಳಿಗೆ ಕಳುಹಿಸಿದರೆ ಅಲ್ಲಿಯೂ ಇದೇ ಕೆಲಸವನ್ನು ಮಾಡಬೇಕು. ಬಲ್ಗೇರಿಯದ ಹಳ್ಳಿಗರು ಹುಳಿ ಹಾಲನ್ನು ಧಾರಾಳವಾಗಿ ಕುಡಿಯುತ್ತಾರೆ, ಅವರಲ್ಲಿ ನೂರು ವರ್ಷ ದಾಟಿದವರು ಬಹಳವೆಂದು ಕೇಳಿದ್ದು ಅವನಿಗೆ ಆಧಾರವಾಯಿತು. 1905ರಲ್ಲಿ ಜಿನೀವದಲ್ಲಿ ಓದುತ್ತಿದ್ದ ಬಲ್ಗೇರಿಯದ ವೈದ್ಯಕೀಯ ವಿದ್ಯಾರ್ಥಿ ಸ್ಟಾಮೆನ್ ಗ್ರಿಗೊರೊಫನು ತನ್ನ ನಾಡಿನ ಮೊಸರಿನಿಂದ ಒಂದು ಕೋಲಿನಾಕಾರದ ಬ್ಯಾಕ್ಟೀರಿಯವನ್ನು ಬೇರ್ಪಡಿಸಿದನು. ಮೆಚ್ನಿಕಾಫನು ಅದನ್ನೇ ಹಿಡಿದುಕೊಂಡನು.

1904ರ ಜೂನ್ ತಿಂಗಳಲ್ಲಿ ಪ್ಯಾರಿಸ್ಸಿನಲ್ಲಿ ಮುಪ್ಪನ್ನು ಕುರಿತು ಅವನು ಮಾಡಿದ ಒಂದು ಉಪನ್ಯಾಸವು ಪತ್ರಿಕೆಗಳ ಕೈಗೆ ಸಿಕ್ಕಿತು. ಎಚ್ಚರಿಕೆಯಿಂದ ಹೇಳಿದ ಮಾತನ್ನೆಲ್ಲ ಪತ್ರಿಕೆಗಳು ಬಿಟ್ಟು, ಮೊಸರು ತಿಂದರೆ ಮುಪ್ಪಿಲ್ಲವೆಂಬಂತೆ ಸಾರಿಬಿಟ್ಟವು. ಔಷಧದಂಗಡಿಗಳಲ್ಲಿ ಮೊಸರಿಗಾಗಿ ಜನ ಮುತ್ತಿದರು. ಸಮುದ್ರದಾಚೆಗೂ ಈ ಗುಲ್ಲು ಹಬ್ಬಿತು. ವ್ಯಾಪಾರಿಗಳು ಅವನ ಹೆಸರನ್ನು ಜಾಹೀರಾತುಗಳಲ್ಲಿ ಹಾಕಿಕೊಂಡು ಹಣ ಮಾಡಿದರು. ಶಿವರಾತ್ರಿಯ ಮರುದಿನ ಮಜ್ಜಿಗೆ ಕುಡಿದು ಹೊಟ್ಟೆ ತಂಪು ಮಾಡಿಕೊಳ್ಳುವ ನಮ್ಮವರಿಗೆ ಈ ಗಲಾಟೆಯನ್ನು ಓದಿದರೆ ನಗು ಬರಬಹುದು.

ಅವನು ತಾನು ಹೇಳಿದಂತೆ ನಡೆದನು. ಮದ್ಯವಿಲ್ಲ, ಹೊಗೆಯಿಲ್ಲ, ಬೇಯಿಸದ ಪದಾರ್ಥವಿಲ್ಲ. ಹಣ್ಣನ್ನು ಕೂಡ ಕುದಿನೀರಿಗೆ ತೋರಿಸದೆ ತಿನ್ನುತ್ತಿರಲಿಲ್ಲ. ಶುದ್ಧ ಬ್ಯಾಕ್ಟೀರಿಯದಿಂದ ಹೆಪ್ಪು ಹಾಕಿದ ಹಾಲು ನಿತ್ಯವೂ ಇರಲೇಬೇಕು. ಹುಳಿ ಹಾಲಿನಲ್ಲಿ ಮಿತ್ರರನ್ನು ಕಂಡವನಿಗೆ ಉಳಿದ ಜೀವಾಣುಗಳ ಮೇಲೆ ಅಪನಂಬಿಕೆ ಹೋಗಲೇ ಇಲ್ಲ. ದೊಡ್ಡ ಕರುಳೇ ಮನುಷ್ಯನಿಗೆ ಬೇಡದ ಅಂಗವೆಂದು ಅವನು ತಿಳಿದಿದ್ದನು. ಇದನ್ನು ಕೇಳಿ ಇಂಗ್ಲೆಂಡಿನ ಶಸ್ತ್ರವೈದ್ಯನೊಬ್ಬನು ರೋಗಿಗಳ ದೊಡ್ಡ ಕರುಳನ್ನೇ ಕತ್ತರಿಸಿ ತೆಗೆಯುವಷ್ಟು ಮುಂದೆ ಹೋದನು! ಅಂಥ ಶಸ್ತ್ರಚಿಕಿತ್ಸೆಯನ್ನು ಮೆಚ್ನಿಕಾಫನು ಬೋಧಿಸಿರಲಿಲ್ಲ. ಆದರೆ ಬೀಜ ಬಿತ್ತಿದವನು ಅವನೇ.

ಇಲ್ಲಿ ಒಲ್ಗಳ ಪ್ರಯೋಗವನ್ನು ಹೇಳಬೇಕು. ಪ್ರಾಣಿಗಳು ಜೀವಾಣುಗಳಿಲ್ಲದೆ ಬದುಕಬಲ್ಲವೇ ಎಂಬ ಪ್ರಶ್ನೆಯನ್ನು ಪಾಸ್ತರನು 1885ರಲ್ಲೇ ಎತ್ತಿ, ಪ್ರಾಯಶಃ ಬದುಕಲಾರವೆಂದು ಊಹಿಸಿದ್ದನು. ಒಲ್ಗಳು ಗಂಡನ ಸಂಸ್ಥೆಯಲ್ಲೇ ಕಪ್ಪೆಯ ಗೊದಮೊಟ್ಟೆಗಳನ್ನು ಜೀವಾಣುರಹಿತವಾದ ನೀರು ಆಹಾರಗಳಲ್ಲಿ ಸಾಕಿ, ಸಾಧಾರಣ ಗೊದಮೊಟ್ಟೆಗಳ ಜೊತೆ ಹೋಲಿಸಿ, 1901ರಲ್ಲಿ ಫಲಿತಾಂಶವನ್ನು ಪ್ರಕಟಿಸಿದಳು. ಜೀವಾಣುಗಳ ಸಹವಾಸವಿಲ್ಲದವು ಸರಿಯಾಗಿ ಬೆಳೆಯದೆ ಕುಗ್ಗಿ ಉಳಿದಿದ್ದವು. ಅವೇ ವರ್ಷಗಳಲ್ಲಿ ಗಂಡನು ಕರುಳಿನ ಜೀವಾಣುಗಳ ಮೇಲೆ ಆರೋಪಪಟ್ಟಿ ಸಿದ್ಧಪಡಿಸುತ್ತಿದ್ದನು. ಆ ಮನೆಯ ಊಟದ ಮೇಜಿನಲ್ಲಿ ಈ ಮಾತು ಹೇಗೆ ನಡೆಯುತ್ತಿತ್ತೋ ಎಂದು ಕಲ್ಪಿಸಿಕೊಳ್ಳುವ ಆಸೆಯಾಗುತ್ತದೆ. ಪ್ರಾಣಿಗಳನ್ನು ಜೀವಾಣುಗಳಿಲ್ಲದೆ ಬದುಕಿಸಲು ಸಾಧ್ಯವೆಂದು ಬೇರೆಯವರು ಮುಂದೆ ತೋರಿಸಿದರೆಂಬುದು ನಿಜ. ಆದರೆ ಹಾಗೆ ಬೆಳೆದ ಇಲಿಗಳಲ್ಲಿ ರೋಗನಿರೋಧಕ ಅಂಗಗಳೇ ಸರಿಯಾಗಿ ಬಲಿಯುವುದಿಲ್ಲವೆಂದು ಈಗ ತಿಳಿದಿದೆ. ಎಂದರೆ, ಮೆಚ್ನಿಕಾಫನು ಮೆಸ್ಸಿನದಲ್ಲಿ ಕಂಡ ಕಾವಲುಗಾರರ ತರಬೇತಿಗೂ ಪ್ಯಾರಿಸ್ಸಿನಲ್ಲಿ ಅವನು ಹುಡುಕಿದ ಕರುಳಿನ ಜೀವಾಣುಗಳಿಗೂ ಸಂಬಂಧವಿದೆ. ಎರಡು ಕೈಯಲ್ಲಿ ಎರಡು ತುದಿ ಹಿಡಿದಿದ್ದರೂ ಅವನು ಗಂಟು ಹಾಕಲಿಲ್ಲ.

ಅದೇ ಸಂಸ್ಥೆಯಲ್ಲಿ ಆಂರಿ ಟಿಸ್ಸಿಯೆ ಎಂಬ ವೈದ್ಯನು 1899ರಲ್ಲಿ, ಎದೆಹಾಲು ಕುಡಿಯುವ ಎಳೆಯ ಮಕ್ಕಳ ಕರುಳಿನಲ್ಲಿ ಕವಲಾದ ಕಡ್ಡಿಯಂಥ ಒಂದು ಬ್ಯಾಕ್ಟೀರಿಯವನ್ನು ಕಂಡಿದ್ದನು. ಅದೇ ಬೈಫಿಡೊಬ್ಯಾಕ್ಟೀರಿಯ. ತಾಯಿಯ ಹಾಲಿನಲ್ಲಿ ಮಗುವೇ ಅರಗಿಸಿಕೊಳ್ಳಲಾಗದ ಕೆಲವು ಸಕ್ಕರೆಗಳಿವೆ. ಅವು ಈ ಬ್ಯಾಕ್ಟೀರಿಯಗಳ ಊಟ. ತಾಯಿಯು ಮಗುವಿಗೆ ಮಾತ್ರ ಹಾಲೂಡುತ್ತಿಲ್ಲ, ಅದರ ಹೊಟ್ಟೆಯ ಅತಿಥಿಗಳಿಗೂ ಊಡುತ್ತಿದ್ದಾಳೆ.

ಈಗಿನ ಲೆಕ್ಕದ ಪ್ರಕಾರ, 2016ರಲ್ಲಿ ಪ್ರಕಟವಾದ ಒಂದು ಅಂದಾಜಿನಂತೆ, ಒಬ್ಬ ಮನುಷ್ಯನ ದೇಹದಲ್ಲಿ ಸುಮಾರು 30 ಲಕ್ಷ ಕೋಟಿ ಸ್ವಂತ ಜೀವಕಣಗಳೂ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಗಳೂ ಇವೆ. ಅವುಗಳಲ್ಲಿ ಅತ್ಯಧಿಕ ಭಾಗ, ಮೆಚ್ನಿಕಾಫನು ಬೇಡವೆಂದ ಆ ದೊಡ್ಡ ಕರುಳಿನಲ್ಲಿಯೇ. ನಾವು ಅರಗಿಸಿಕೊಳ್ಳಲಾಗದ ನಾರನ್ನು ಅವು ಹುದುಗಿಸಿ ಬ್ಯುಟಿರಿಕ್ ಆಮ್ಲ ಮೊದಲಾದವನ್ನು ತಯಾರಿಸುತ್ತವೆ. ದೊಡ್ಡ ಕರುಳಿನ ಒಳಪದರದ ಕಣಗಳಿಗೆ ಬೇಕಾದ ಶಕ್ತಿಯ ಬಹುಭಾಗ ಅದರಿಂದಲೇ ಬರುತ್ತದೆ. ಕೆ ಜೀವಸತ್ವವನ್ನೂ ಬಿ ಗುಂಪಿನ ಕೆಲವನ್ನೂ ಅವು ಉತ್ಪತ್ತಿ ಮಾಡುತ್ತವೆ. ಪ್ರತಿಜೀವಕ ಔಷಧಗಳಿಂದ ಈ ಹೊಲ ಬಯಲಾದಾಗ ಕ್ಲಾಸ್ಟ್ರಿಡಿಯಂ ಜಾತಿಯ ಒಂದು ಕೆಟ್ಟ ಬ್ಯಾಕ್ಟೀರಿಯ ನುಗ್ಗಿ ಪ್ರಾಣಾಂತಿಕವಾದ ಭೇದಿಯನ್ನುಂಟುಮಾಡುವುದುಂಟು. ಅಂಥವರಿಗೆ ಆರೋಗ್ಯವಂತರ ಮಲದಲ್ಲಿರುವ ಜೀವಾಣುಗಳನ್ನು ಕರುಳಿಗೆ ಸೇರಿಸಿದರೆ ಔಷಧಕ್ಕಿಂತ ಹೆಚ್ಚಾಗಿ ಗುಣವಾಗುವುದೆಂದು 2013ರಲ್ಲಿ ಡಚ್ ವೈದ್ಯರು ಪ್ರಕಟಿಸಿದರು. ಕೇಳುವುದಕ್ಕೆ ಅಸಹ್ಯವಾದರೂ, ಇದು ಕಳೆಯನ್ನು ಪೈರಿನಿಂದ ಒತ್ತುವ ಮೆಚ್ನಿಕಾಫನ ಬೇಸಾಯವೇ ಸರಿ.

ಅವನ ಬಲ್ಗೇರಿಯದ ಬ್ಯಾಕ್ಟೀರಿಯ ಮಾತ್ರ ಅವನು ನಂಬಿದಷ್ಟು ನಂಬಿಕೆಗೆ ಅರ್ಹವಾಗಲಿಲ್ಲ. ಅದು ಮನುಷ್ಯನ ಕರುಳಿನಲ್ಲಿ ನೆಲೆ ನಿಲ್ಲುವುದಿಲ್ಲವೆಂದು ಅಮೆರಿಕದ ಲಿಯೊ ರೆಟ್ಟ್‌ಗರನು 1920ರ ಸುಮಾರಿನಲ್ಲಿ ತೋರಿಸಿದನು. ಬಲ್ಗೇರಿಯದ ಶತಾಯುಷಿಗಳ ಎಣಿಕೆಯೂ, ಹುಟ್ಟಿದ ದಿನ ಬರೆದಿಡದ ಊರುಗಳ ಎಣಿಕೆಯಾದ್ದರಿಂದ, ಭದ್ರವಾದ ಸಾಕ್ಷಿಯಲ್ಲ. ಆದರೂ ಬೀಜ ಒಣಗಲಿಲ್ಲ. 1919ರಲ್ಲಿ ಬಾರ್ಸಿಲೋನದಲ್ಲಿ ಐಸಾಕ್ ಕರಾಸೊ ಎಂಬಾತನು ಇದೇ ವಿಚಾರದಿಂದ ಪ್ರೇರಿತನಾಗಿ ಮೊಸರಿನ ಕಾರ್ಖಾನೆ ತೆರೆದು ತನ್ನ ಮಗನ ಮುದ್ದಿನ ಹೆಸರಿನಿಂದ ದಾನೋನ್ ಎಂದು ಕರೆದನು. ಜಪಾನಿನಲ್ಲಿ ಮಿನೊರು ಶಿರೋಟ ಎಂಬ ವೈದ್ಯನು 1930ರಲ್ಲಿ ಜಠರದ ಆಮ್ಲವನ್ನು ದಾಟಿ ಬದುಕಿ ಹೋಗಬಲ್ಲ ಲ್ಯಾಕ್ಟಿಕ್ ಬ್ಯಾಕ್ಟೀರಿಯವೊಂದನ್ನು ಆಯ್ದು ಬೆಳೆಸಿದನು. 1935ರಿಂದ ಅದು ಯಾಕುಲ್ಟ್ ಎಂಬ ಹೆಸರಿನಲ್ಲಿ ಪೇಟೆಗೆ ಬಂದಿತು. ಇಂದು ಅಂಗಡಿಗಳಲ್ಲಿ ಪ್ರೊಬಯೋಟಿಕ್ ಎಂದು ಮಾರುವುದೆಲ್ಲವೂ ಗುಣಕಾರಿಯೆಂದು ಹೇಳುವಂತಿಲ್ಲ; ಜಾತಿ ಯಾವುದು, ರೋಗ ಯಾವುದು ಎಂಬುದರ ಮೇಲೆ ಹೋಗುತ್ತದೆ.

ಕೊನೆಯ ವರ್ಷಗಳನ್ನು ಬೇಗ ಹೇಳಿ ಮುಗಿಸುತ್ತೇನೆ. 1909ರಲ್ಲಿ ರಷ್ಯಕ್ಕೆ ಹೋಗಿ ಯಾಸ್ನಾಯ ಪೊಲ್ಯಾನದಲ್ಲಿ ಟಾಲ್‌ಸ್ಟಾಯಿಯನ್ನು ಕಂಡನು. ಸಾವನ್ನು ಕುರಿತು ಜೀವನವೆಲ್ಲ ಚಿಂತಿಸಿದ ಇಬ್ಬರು ಮುದುಕರು, ಒಬ್ಬನು ಧರ್ಮದಿಂದ, ಇನ್ನೊಬ್ಬನು ವಿಜ್ಞಾನದಿಂದ. ಪರಸ್ಪರ ಗೌರವ ತೋರಿಸಿದರು, ಒಬ್ಬರನ್ನೊಬ್ಬರು ಒಪ್ಪಿಸಲಾರದೆ ಹೋದರು. 1913ರಿಂದ ಹೃದಯದ ಬೇನೆ ಬಲವಾಯಿತು. ಮರುವರ್ಷ ಮಹಾಯುದ್ಧ ಬಂದು, ಪ್ರಯೋಗಶಾಲೆಯ ಯುವಕರು ರಣರಂಗಕ್ಕೆ ಹೋಗಿ ಕೋಣೆಗಳು ಬರಿದಾದವು. ವಿಜ್ಞಾನವು ಜನಾಂಗಗಳನ್ನು ಕೂಡಿಸುವುದೆಂದು ನಂಬಿದ್ದವನಿಗೆ ಇದು ಬಹಳ ನೋವಿನ ಸಂಗತಿಯಾಯಿತು. ತನ್ನ ಕಾಯಿಲೆಯ ಲಕ್ಷಣಗಳನ್ನು ಮಾತ್ರ ಪರರದ್ದೋ ಎಂಬಂತೆ ದಿನವೂ ಟಿಪ್ಪಣಿ ಬರೆದಿಡುತ್ತಿದ್ದನು. ತನ್ನ ಮನೆತನದವರು ಅಲ್ಪಾಯುಷಿಗಳು, ತಾನು ಕೆಲಸ ಆರಂಭಿಸಿದ್ದೇ ತಡವಾಗಿ, ಮೊಸರಿನ ಅಭ್ಯಾಸವಾದದ್ದೂ ಐವತ್ತು ದಾಟಿದ ಮೇಲೆ. ಆದ್ದರಿಂದ ತಾನು ಎಪ್ಪತ್ತಕ್ಕೆ ಸತ್ತರೆ ಅದರಿಂದ ಸಿದ್ಧಾಂತಕ್ಕೆ ಕುಂದಿಲ್ಲವೆಂದು ಲೆಕ್ಕ ಹಾಕಿಕೊಂಡಿದ್ದನು. 1916ರ ಜುಲೈ 15ರಂದು, ಪಾಸ್ತರನು ಹಿಂದೆ ವಾಸಿಸುತ್ತಿದ್ದ ಕೋಣೆಗಳಲ್ಲಿ, ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಪ್ರಾಣಬಿಟ್ಟನು. ಸಾಯುವ ಮುನ್ನ ಪಕ್ಕದಲ್ಲಿದ್ದ ವೈದ್ಯಮಿತ್ರನಿಗೆ ಮರಣೋತ್ತರ ಪರೀಕ್ಷೆಯನ್ನು ನೀನೇ ಮಾಡಬೇಕು, ಕರುಳನ್ನು ವಿಶೇಷ ಗಮನವಿಟ್ಟು ನೋಡಬೇಕು ಎಂದು ಹೇಳಿಕೊಂಡನು.

ಅವನ ಇಚ್ಛೆಯಂತೆ ದೇಹವನ್ನು ದಹಿಸಿ, ಬೂದಿಯ ಕಲಶವನ್ನು ಪಾಸ್ತರ್ ಸಂಸ್ಥೆಯ ಗ್ರಂಥಾಲಯದಲ್ಲಿಟ್ಟರು. ಮಕ್ಕಳಿರಲಿಲ್ಲ. ಒಲ್ಗಳು 1920ರಲ್ಲಿ ಗಂಡನ ಜೀವನಚರಿತ್ರೆಯನ್ನು ಫ್ರೆಂಚ್ ಭಾಷೆಯಲ್ಲಿ ಪ್ರಕಟಿಸಿದಳು. ಅವನ ಬಾಲ್ಯದ ಉಪನ್ಯಾಸವೂ ಜಿನೀವದ ದೀಪವೂ ನಮಗೆ ದೊರೆತಿರುವುದು ಹೆಚ್ಚಾಗಿ ಆ ಪುಸ್ತಕದಿಂದ. ಅವಳು 1944ರವರೆಗೆ ಬದುಕಿದ್ದಳು.